ದೂರು: ಎಳೆತ ಇಲ್ಲ

ಗೋಕುಲ ರೋಡ್ ಡಿಪೋದಾಗ ಡ್ರೈವರ್ ಮಂದಿ
ಒಂದ ಸಾಲು ಬರೀತಾರ, ಪೆನ್ನು ಒತ್ತಿ:
"ಎಳೆತ ಇಲ್ಲ."
ಉಳಿದದ್ದು ನಾವು ಹುಡುಕಬೇಕು,
ಬಾನೆಟ್ಟಿನೊಳಗ ತಲಿ ಇಟ್ಟು.

ಹಳೇಹುಬ್ಬಳ್ಳಿ ಮನಿ ಹಿತ್ತಲದಾಗ ನನ್ನವು ಮೂರು ಮಡಿ.
ಕೆಳಗ ಬರೇ ಗರಸು, ಗುದ್ದಲಿ ಜಿಗಿದು ಬೀಳತದ,
ಅದಕ್ಕ ಮೊಣಕಾಲೆತ್ತರ ಕಟ್ಟಿದ್ದೆ,
ಲಿಲಾವಿನ್ಯಾಗ ತಂದ ಹಳೇ ಬಸ್ಸಿನ ತಗಡಿಲೆ.
ಒಂದರ ಮಗ್ಗಲಿಗೆ ಇನ್ನೂ ಓದಾಕ ಬರತದ:
"...ಣ್ಣಿಗೇರಿ ಮಾರ್ಗವಾಗಿ".
ಎರಿ ಮಣ್ಣು ಒಂದು ಪಾಲು, ಮಸಾರಿ ಒಂದು ಪಾಲು,
ಕುರಿಹಿಕ್ಕಿ, ಶೇಂಗಾಹೊಟ್ಟು.

ಮೊದಲ ವರ್ಷ ಮೆಂತೆ ಕೊಯ್ದು ಕೊಯ್ದು ಕೈ ಕಹಿ.
ಮರುವರ್ಷ ಮೂಲಂಗಿ ಕಿರುಬೆರಳಷ್ಟ.
ಈ ಸಲ ಹಕ್ಕರಿಕಿ ಎದ್ದು, ಎರಡೆಲಿ ತೆಗೆದು
ನಿಂತಬಿಡ್ತು,
ತಪ್ಪು ಸ್ಟಾಪಿಗೆ ಇಳಿದವರಗತೆ.

ನೀರು? ಬೆರಳಿಟ್ಟು ನೋಡಿದೆ.
ಸಂಜಿಗೆ ಹಾಕಿದ ಎರಡು ಕೊಡ ಮುಂಜಾನೆಗೆ ಇಲ್ಲ.
ಸೋರತದ ಅಂದ್ಕೊಂಡು ತಗಡಿನ ಸಂದಿಗೆಲ್ಲಾ ಡಾಂಬರು ಬಳದೆ.
ಬಿಸಲು? ನೆಳ್ಳಿಗೆ ಗೆರಿ ಎಳೆದು ಎಣಿಸಿದೆ, ಆರು ತಾಸು.
ಹುಳ? ರಾತ್ರಿ ಪಾಳಿ ಮುಗಿಸಿ ಬಂದು
ಟಾರ್ಚ್ ಹಚ್ಚಿ ಎಲಿ ಎಲಿ ಮಗುಚಿದೆ.
ಒಂದ ಶಂಖದಹುಳ, ಅದೂ ಹಸದಿತ್ತು.
ಧಾರವಾಡಕ್ಕ ಚೀಲದಾಗ ಮಣ್ಣು ಒಯ್ದು ಕೊಟ್ಟೆ.
ಚೀಟಿ ಬಂತು: ಸಾರಜನಕ ಕಡಿಮಿ, ಗೊಬ್ಬರ ಹಾಕ್ರಿ.
ಹಾಕಿದೆ. ಬೇವಿನ ಹಿಂಡಿ, ಮತ್ತ ಕುರಿಹಿಕ್ಕಿ.
ಹಾಕಿದಷ್ಟೂ ಸೊರಗಿದವು.

ಇಪ್ಪತ್ತೆರಡು ವರ್ಷ ಪಾನಾ ಹಿಡಿದ ಕೈ ಇದು.
ಗಾಡಿ ಡೀಸೆಲ್ ಕುಡೀತದ, ಎಳೀವಲ್ದು ಅಂದ್ರ
ಇನ್ನಷ್ಟು ಡೀಸೆಲ್ ಹಾಕಬ್ಯಾಡ್ರಲೇ ಅಂತ
ಹೊಸ ಹುಡುಗೂರಿಗೆ ಹೇಳಾಕಿ ನಾನ.

ವಾರಕ್ಕೆರಡು ಸಲ ಜೈಬೂನ ಖಾಲಾ
ಗೋಡಿ ಮ್ಯಾಲಿಂದ ನುಗ್ಗಿಕಾಯಿ ಕಟ್ಟು ಇಳಿಬಿಡತಾರ.
"ಒಂದ ಹನಿ ನೀರು ಹಾಕಿಲ್ಲ ಕಸ್ತೂರಿ,
ಕಾಯಿ ನೋಡು. ಬರೇ ದುವಾ."
ಮೊಳಕ್ಕ ಮೊಳ ಉದ್ದ, ಒಳಗ ಬೆಣ್ಣಿ.
ಹೌದ್ರಿ ಅಂದೆ. ಸಾರು ಮಾಡಿದೆ.

ರವಿವಾರ ಅಣ್ಣಿಗೇರಿ ಮಡಿ ಪೂರ್ತಿ ಬಿಚ್ಚಿದೆ,
ಇಂಜಿನ್ ಇಳಿಸಿದಂಗ.
ಗೇಣು ಮಣ್ಣು ತೆಗೆಯೂದ್ರಾಗ ಸಲಿಕಿ ಸಿಕ್ಕೊಂಡ್ತು.
ಎಳೆದೆ. ಬರಲಿಲ್ಲ.
ಕೈ ಹಾಕಿದೆ.

ಚಾಪಿ.
ಬಿಳೇ ಬೇರಿನ ಚಾಪಿ,
ನನ್ನ ಮಡಿ ಅಳತಿಗೆ ಕತ್ತರಿಸಿ ಹಾಸಿದಂಗ,
ಒಂದೊಂದು ಹಿಕ್ಕಿ ಸುತ್ತ ಒಂದೊಂದು ಮುಷ್ಟಿ.
ಮೂಸಿದೆ. ಮೂಲಂಗಿ ಖಾರ, ಮೂಲಂಗಿ ಅಲ್ಲ.
ಗರಸಿನ ಸೀಳಿನಿಂದ ಎದ್ದು ಬಂದಿತ್ತು, ಬೆರಳ ದಪ್ಪ.
ಅದನ್ನ ಹಿಡಕೊಂಡು ಮೊಣಕಾಲ ಮ್ಯಾಲೆ ಹೋದೆ
ಗೋಡಿತನಕ.

ಆಚೆ ಖಾಲಾ ಕೆಮ್ಮಿದ್ರು.

ಬಚ್ಚಲ ಮೂಲ್ಯಾಗಿನ ಕೊಡ್ಲಿ ತಂದೆ.
ನಿಂತೆ.
ಎರಡು ವರ್ಷದ ಸಾರು,
ಅತ್ತಿ ಮೊಣಕಾಲಿಗೆ ಬಿಸಿ ಮಾಡಿ ಕಟ್ಟಿದ ಸೊಪ್ಪು,
ನಾದಿನಿ ಬಾಣಂತನಕ್ಕ ಕುಂದಗೋಳಿಗೆ ಒಯ್ದ ಚೀಲ,
ಎಲ್ಲಾ ನನ್ನ ಹಿಂಡಿ, ನನ್ನ ಕೊಡ,
ಗೋಡಿ ಕೆಳಗ ಹೋಗಿ
ಗೋಡಿ ಮ್ಯಾಲೆ ಬಂದದ್ದು.
ಎಳೆತ ಇತ್ತು.
ಗಾಡಿ ಬ್ಯಾರೆ ಇತ್ತು.

ಎರಡು ಮಡ್ಯಾಗ ಬೇರು ಕಡದೆ, ಕಡೀಬೇಕಾತು.
ತಳಕ್ಕ ತೂತಿನ ತಗಡು ಬಡದು
ಜಾಕ್ ಹಚ್ಚಿ ಎತ್ತಿ ಇಟ್ಟಂಗಿ ಮ್ಯಾಲೆ ಕೂಡ್ರಿಸಿದೆ.
ನೆಲಕ್ಕೂ ಮಣ್ಣಿಗೂ ನಡುವ ಈಗ ಒಂದು ಗೇಣು ಗಾಳಿ.
ಬೆಕ್ಕು ಅಲ್ಲೇ ಮಲಗತದ.
ಮೆಂತೆ ಮೂರನೇ ದಿನಕ್ಕ ತಲಿ ಎತ್ತೇದ.

ಅಣ್ಣಿಗೇರಿ ಮಡಿ ಇದ್ದಂಗ ಮುಚ್ಚಿದೆ.
ಅದರಾಗ ಏನೂ ಬಿತ್ತೂದಿಲ್ಲ.
ಸಂಜಿಗೆ ಅರ್ಧ ಕೊಡ ಹಾಕತೇನಿ.

ಮೊನ್ನೆ ಮತ್ತ ಕಟ್ಟು ಇಳೀತು.
"ಒಂದ ಹನಿ ಇಲ್ಲ, ಕಸ್ತೂರಿ!"
"ಹೌದ್ರಿ" ಅಂದೆ.
ಮಣ್ಣಿನ ಕೈ ಬೆನ್ನ ಹಿಂದ ಇಟ್ಟು
ಇನ್ನೊಂದರಿಂದ ಇಸ್ಕೊಂಡೆ.